ಶೀಲ್ಡ್ಸ್ ಸಾಹೇಬನೂ ನಮ್ಮ ಮನೆಯ ನುಗ್ಗೆ ಕೊಂಬೆಯೂ

ಭಾನುವಾರ ಸಂಜೆ ನಮ್ಮ ಮನೆ ಜಗಲಿಯಲ್ಲಿ ಕೂರುವವರು ನಾಲ್ಕು ಜನ. ಲಾಯರ್ ಸೀನಣ್ಣ ಆರಡಿ ಮೂರಂಗುಲ. ವಾರಕ್ಕೊಮ್ಮೆ ನಮ್ಮ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಳ್ಳದಿದ್ದರೆ ಅವನಿಗೆ ಭಾನುವಾರ ಅನ್ನಿಸುವುದಿಲ್ಲ. ಬ್ಯಾಂಕ್ ಮಂಜಣ್ಣನಿಗೆ ಆ ತೊಂದರೆ ಇಲ್ಲ. ಅವನು ಐದಡಿ ಎರಡಂಗುಲ, ಅದೂ ಬೂಟು ಹಾಕಿದಾಗ. ಮೂರನೆಯವರು ಮೇಷ್ಟ್ರು, ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ಹೇಳಿ ರಿಟೈರ್ ಆದವರು. ನಾಲ್ಕನೆಯವನು ನಾನು. ನನ್ನ ಹೆಂಡತಿ ಸರೋಜ ಒಳಗೇ ಇರುತ್ತಾಳೆ. ಕಿವಿ ಮಾತ್ರ ಜಗಲಿಯಲ್ಲಿರುತ್ತದೆ.

ಮೇಷ್ಟ್ರು ನಾಲ್ಕು ತಿಂಗಳು ಮಗಳ ಮನೆಯಲ್ಲಿದ್ದು ಹೋದ ವಾರವಷ್ಟೇ ಅಮೆರಿಕದಿಂದ ಬಂದಿದ್ದರು. ಚಾಕೊಲೇಟ್ ಬರುತ್ತದೆ ಅಂತ ಮಂಜಣ್ಣ ಕಾದು ಕೂತಿದ್ದ. ಮೇಷ್ಟ್ರು ಜೇಬಿನಿಂದ ಮೊಬೈಲ್ ತೆಗೆದು ಒಂದು ಕಂಚಿನ ಪ್ರತಿಮೆಯ ಫೋಟೋ ತೋರಿಸಿದರು.

"ವಾಷಿಂಗ್ಟನ್‌ನ ಕ್ಯಾಪಿಟಲ್ ಕಟ್ಟಡ, ಅವರ ಪಾರ್ಲಿಮೆಂಟು. ಅಲ್ಲಿಗೆ ಪ್ರತಿಯೊಂದು ರಾಜ್ಯವೂ ಇಬ್ಬರ ಪ್ರತಿಮೆ ಕೊಡಬಹುದು. ಲಿಂಕನ್ನನ ರಾಜ್ಯ ಇಲಿನಾಯ್ ಮೊದಲು ಯಾರದನ್ನು ಕೊಟ್ಟಿತು ಹೇಳಿ ನೋಡೋಣ."

"ಇದೂ ಒಂದು ಪ್ರಶ್ನೆಯಾ ಮೇಷ್ಟ್ರೇ? ಲಿಂಕನ್ನನದೇ," ಅಂದ ಸೀನಣ್ಣ.

"ಸೊನ್ನೆ ಮಾರ್ಕು. 1893ರಲ್ಲಿ ಅವರು ಕೊಟ್ಟದ್ದು ಇವನದು. ಜೇಮ್ಸ್ ಶೀಲ್ಡ್ಸ್. ಐರ್ಲೆಂಡಿನಿಂದ ಬಂದ ಲಾಯರು. ಅಮೆರಿಕದ ಮೂರು ಬೇರೆ ಬೇರೆ ರಾಜ್ಯಗಳಿಂದ ಸೆನೆಟರ್, ಅಂದರೆ ಪಾರ್ಲಿಮೆಂಟಿನ ಮೇಲ್ಮನೆಯ ಸದಸ್ಯ, ಆದವನು ಇವನೊಬ್ಬನೇ. ಆದರೆ ಜನ ಇವನನ್ನು ನೆನೆಯುವುದು ಅದಕ್ಕಲ್ಲ. ಲಿಂಕನ್ ಜೊತೆ ಕತ್ತಿ ಕಾಳಗಕ್ಕೆ ಹೋದ ಅಂತ."

ಮಂಜಣ್ಣ ಚಾಕೊಲೇಟ್ ಮರೆತ. "ಗೆದ್ದವರು ಯಾರು?"

"ಕಾಳಗ ಆಗಲಿಲ್ಲ."

"ಆಗದ ಜಗಳಕ್ಕೆ ಪ್ರತಿಮೆಯಾ?"

"ತಡಿಯಯ್ಯಾ, ಮೊದಲಿಂದ ಹೇಳುತ್ತೇನೆ," ಅಂತ ಮೇಷ್ಟ್ರು ಕಾಲು ಮಡಚಿ ಕೂತರು. ಮೇಷ್ಟ್ರು ಕಾಲು ಮಡಚಿದರೆ ಎರಡು ಪೀರಿಯಡ್ಡು ಅಂತ ಅರ್ಥ.

ಶೀಲ್ಡ್ಸ್ ಹುಟ್ಟಿದ್ದು ಐರ್ಲೆಂಡಿನ ಟೈರೋನ್ ಕೌಂಟಿಯಲ್ಲಿ, 1806ರಲ್ಲಿ. 1810 ಅಂತ ಬರೆದವರೂ ಇದ್ದಾರೆ. ಇದನ್ನು ಕೇಳಿ ನಮಗೆ ಯಾರಿಗೂ ಆಶ್ಚರ್ಯವಾಗಲಿಲ್ಲ. ನಾವು ನಾಲ್ವರೂ ಸ್ಕೂಲಿಗೆ ಸೇರಿದ ದಿನ ಅಲ್ಲಿನ ಹೆಡ್‌ಮಾಸ್ಟರ ಬಾಯಿಗೆ ಬಂದ ತಾರೀಕಿನಂದು ಹುಟ್ಟಿದವರು. ಇಪ್ಪತ್ತರ ಆಸುಪಾಸಿನಲ್ಲಿ ಅವನು ಅಮೆರಿಕಕ್ಕೆ ಬಂದ. ಒಹಾಯೊ ರಾಜ್ಯದಲ್ಲಿ ಅವನ ಅಂಕಲ್ ಒಬ್ಬರಿದ್ದರು. ಅವರ ಹೆಸರೂ ಜೇಮ್ಸ್ ಶೀಲ್ಡ್ಸ್, ಅವರೂ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಪಾರ್ಲಿಮೆಂಟಿಗೆ, ಆರಿಸಿ ಬಂದವರು.

"ಅಂಕಲ್ ಅಂದರೆ? ಸೋದರಮಾವನಾ, ಚಿಕ್ಕಪ್ಪನಾ?" ಒಳಗಿನಿಂದ ಸರೋಜಳ ದನಿ.

"ಅಡ್ಡಹೆಸರು ಒಂದೇ ಅಂದಮೇಲೆ ಅಪ್ಪನ ಕಡೆಯೇ ಇರಬೇಕಮ್ಮ."

"ದೊಡ್ಡಪ್ಪನೋ ಚಿಕ್ಕಪ್ಪನೋ ಅದನ್ನಾದರೂ ಬರೆದಿಡಬಾರದಾ," ಅಂತ ಅವಳು ಇಂಗ್ಲಿಷ್ ಭಾಷೆಯನ್ನೇ ಬೈದು ಒಗ್ಗರಣೆ ಕಡೆ ತಿರುಗಿದಳು.

ಹುಡುಗ ಇಲಿನಾಯ್ ರಾಜ್ಯದ ಕಾಸ್ಕಾಸ್ಕಿಯಾ ಎಂಬ ಹಳೇ ಊರಿಗೆ ಹೋಗಿ ನೆಲೆ ನಿಂತ. ಮಕ್ಕಳಿಗೆ ಪಾಠ ಹೇಳಿದ, ಕಾನೂನು ಓದಿದ, 1832ರ ಹೊತ್ತಿಗೆ ಕರಿ ಕೋಟು ಹಾಕಿದ. 1836ರಲ್ಲಿ ರಾಜ್ಯದ ಶಾಸನಸಭೆಗೆ ಗೆದ್ದ. ಲಿಂಕನ್ನೂ ಅದೇ ಸಭೆಯಲ್ಲಿದ್ದ. ತಮಾಷೆ ಅಂದರೆ ಶೀಲ್ಡ್ಸ್ ಆಗ ಅಮೆರಿಕದ ಪ್ರಜೆಯೇ ಅಲ್ಲ. ಪೌರತ್ವದ ಕಾಗದ ಕೈಗೆ ಬಂದದ್ದು 1840ರ ಅಕ್ಟೋಬರಿನಲ್ಲಿ. ಆಗಿನ ಕಾಲ, ನಡೆಯಿತು.

"ಆ ತಾರೀಕು ನೆನಪಿಟ್ಟುಕೊಳ್ಳಿ, ಮುಂದೆ ಕಚ್ಚುತ್ತದೆ," ಅಂದರು ಮೇಷ್ಟ್ರು.

ಆಮೇಲೆ ಶೀಲ್ಡ್ಸ್ ರಾಜ್ಯದ ಆಡಿಟರ್ ಆದ. ಖಜಾನೆ ಲೆಕ್ಕ ಅವನ ಕೈಯಲ್ಲಿ. 1842ರಲ್ಲಿ ಇಲಿನಾಯ್‌ನ ಸ್ಟೇಟ್ ಬ್ಯಾಂಕ್ ಮಗುಚಿಬಿತ್ತು. ಅದು ಅಚ್ಚು ಹಾಕಿದ ನೋಟಿಗೆ ಅಂಗಡಿಯಲ್ಲಿ ಬೆಲೆಯಿಲ್ಲ. ಆದರೆ ರೈತರ ಕೈಯಲ್ಲಿದ್ದದ್ದು ಅದೇ ನೋಟು. ಕಂದಾಯ ಕಟ್ಟಲು ತಂದರೆ ಆಡಿಟರ್ ಸಾಹೇಬನ ಹುಕುಂ: ಆ ಕಾಗದ ಬೇಡ, ಬೆಳ್ಳಿ ಬಂಗಾರ ತನ್ನಿ.

ಮಂಜಣ್ಣ ನೆಟ್ಟಗಾದ. ಮೂವತ್ತೈದು ವರ್ಷ ಕೌಂಟರಿನ ಹಿಂದೆ ಕೂತ ಜೀವ. "ಅದರಲ್ಲಿ ಏನು ತಪ್ಪು? ಬೆಲೆಯಿಲ್ಲದ ನೋಟು ತಗೊಂಡು ಸರ್ಕಾರ ಏನು ಹಪ್ಪಳ ಸುತ್ತುತ್ತದಾ? ಲೆಕ್ಕದ ಪ್ರಕಾರ ಅವನು ಸರಿ."

"ಲೆಕ್ಕಕ್ಕೆ ಸರಿ. 2016ರ ನವೆಂಬರಿನಲ್ಲಿ ನೀನೂ ಕೌಂಟರಿನಲ್ಲಿ ಸರಿಯಾಗಿಯೇ ಕೂತಿದ್ದೆ. ಹೊರಗೆ ಬಿಸಿಲಲ್ಲಿ ಕ್ಯೂ ನಿಂತವನು ನಾನು," ಅಂದ ಸೀನಣ್ಣ. "ಅವತ್ತು ನನಗೆ ನಿನ್ನ ಮೇಲೆ ಏನೇನು ಬರೆಯಬೇಕು ಅನ್ನಿಸಿತ್ತು ಗೊತ್ತಾ?"

"ನಿನಗೆ ಬರೀ ಅನ್ನಿಸಿತು. ಲಿಂಕನ್ ಬರೆದೇಬಿಟ್ಟ," ಅಂದರು ಮೇಷ್ಟ್ರು.

ಸ್ಪ್ರಿಂಗ್‌ಫೀಲ್ಡಿನ 'ಸಂಗಮೊ ಜರ್ನಲ್' ಪತ್ರಿಕೆಯಲ್ಲಿ ಒಂದು ಪತ್ರ ಬಂತು. ಹಳ್ಳಿಯ ರೆಬೆಕ್ಕಾ ಎಂಬ ಹೆಂಗಸು ಬರೆದ ಹಾಗೆ. ಶೀಲ್ಡ್ಸ್ ಮೂರ್ಖನೂ ಹೌದು, ಸುಳ್ಳನೂ ಹೌದು. ಅವನ ಬಾಯಿಂದ ಒಂದು ಒಪ್ಪವಾದ ಸುಳ್ಳು ಹೊರಡಿಸುವುದೂ ಕೊಬ್ಬಿನ ಗಟ್ಟೆಯಿಂದ ಕಿಡಿ ಹೊರಡಿಸುವುದೂ ಒಂದೇ. ಹೀಗೆ ಬರೆದವನು ಲಿಂಕನ್. ಇಷ್ಟಕ್ಕೇ ಬಿಟ್ಟಿದ್ದರೆ ಅದು ರಾಜಕೀಯ. ಆದರೆ ಶೀಲ್ಡ್ಸ್‌ಗೆ ತಾನು ಸುರಸುಂದರ ಎಂಬ ಅಭಿಪ್ರಾಯವಿತ್ತು. ಮದುವೆಯಾಗದ ಗಂಡು, ಪಾರ್ಟಿಗಳಲ್ಲಿ ಹುಡುಗಿಯರ ಸುತ್ತ ಸುಳಿದಾಡುತ್ತಿದ್ದ. ಪತ್ರದಲ್ಲಿ ಅವನ ಬಾಯಿಗೇ ಒಂದು ಮಾತು ತುರುಕಿದ್ದರು: "ಹುಡುಗಿಯರೇ, ಸಂಕಟವಾಗುತ್ತದೆ. ನಿಮ್ಮನ್ನೆಲ್ಲ ಮದುವೆಯಾಗಲು ನನ್ನಿಂದ ಆಗುವುದಿಲ್ಲ. ನಾನು ಇಷ್ಟು ಚೆಲುವನಾಗಿರುವುದು ನನ್ನ ತಪ್ಪಲ್ಲವಲ್ಲ!"

ಸರೋಜ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಇನ್ನು ಒಳಗೆ ಹೋಗುವವಳಲ್ಲ ಅಂತ ಅವಳು ನಿಂತ ಭಂಗಿಯಲ್ಲೇ ಗೊತ್ತಾಯಿತು.

ಲಿಂಕನ್ನನ ಪತ್ರ ನೋಡಿ ಇಬ್ಬರು ಹುಡುಗಿಯರಿಗೆ ಕೈ ತುರಿಸಿತು. ಒಬ್ಬಳು ಮೇರಿ ಟಾಡ್, ಲಿಂಕನ್ ಮದುವೆಯಾಗಲಿದ್ದವಳು. ಇನ್ನೊಬ್ಬಳು ಅವಳ ಗೆಳತಿ ಜೂಲಿಯಾ ಜೇನ್. ಅವರೂ ರೆಬೆಕ್ಕಾ ಹೆಸರಲ್ಲೇ ಇನ್ನೊಂದು ಪತ್ರ ಹೊಸೆದು ಕಳಿಸಿದರು. ಸಾಲದ್ದಕ್ಕೆ ಶೀಲ್ಡ್ಸ್‌ಗೂ ರೆಬೆಕ್ಕಾಳಿಗೂ ಮದುವೆ ಮಾಡಿಸಿ ಒಂದು ಪದ್ಯ ಬೇರೆ. ಊರೆಲ್ಲ ನಕ್ಕಿತು. ಶೀಲ್ಡ್ಸ್ ಸಂಪಾದಕನ ಬಳಿ ಹೋಗಿ ಬರೆದವರು ಯಾರು ಹೇಳು ಅಂತ ಪಟ್ಟುಹಿಡಿದ. ಹುಡುಗಿಯರ ಹೆಸರು ಬರಬಾರದು ಅಂತ ಲಿಂಕನ್ ಎಲ್ಲವನ್ನೂ ತನ್ನ ತಲೆ ಮೇಲೆ ಹಾಕಿಕೊಂಡ. ಶೀಲ್ಡ್ಸ್ ದ್ವಂದ್ವಕ್ಕೆ ಕರೆದ.

"ಈಗ ಕಾನೂನು ಕೇಳು," ಅಂತ ಮೇಷ್ಟ್ರು ಸೀನಣ್ಣನ ಕಡೆ ತಿರುಗಿದರು. "ಇಲಿನಾಯ್‌ನಲ್ಲಿ ದ್ವಂದ್ವ ಯುದ್ಧ ನಿಷೇಧ. ಇಬ್ಬರೂ ಲಾಯರುಗಳು. ಏನು ಮಾಡಿರಬಹುದು?"

"ಹೊಳೆ ದಾಟಿರುತ್ತಾರೆ. ಕಾನೂನು ಓದಿದವನು ಕಾನೂನು ಮುರಿಯುವುದಿಲ್ಲ ಮೇಷ್ಟ್ರೇ, ಗಡಿ ದಾಟುತ್ತಾನೆ."

ಹಾಗೇ ಆಯಿತು. 1842ರ ಸೆಪ್ಟೆಂಬರ್ 22ರಂದು ಆಲ್ಟನ್ ಊರಿನ ಎದುರು ಮಿಸಿಸಿಪಿ ಹೊಳೆಯ ನಡುಗಡ್ಡೆಗೆ ದೋಣಿಯಲ್ಲಿ ಹೋದರು. ಅದು ಮಿಜೌರಿ ರಾಜ್ಯದ ಪಾಲಿಗೆ ಸೇರಿದ್ದು. ಕರೆಯಿಸಿಕೊಂಡವನು ಆಯುಧ ಆರಿಸಬೇಕು ಎಂಬುದು ಪದ್ಧತಿ. ಪಿಸ್ತೂಲು ಹಿಡಿದರೆ ಶೀಲ್ಡ್ಸ್ ಗುಂಡು ತಪ್ಪುವುದಿಲ್ಲ ಅಂತ ಲಿಂಕನ್‌ಗೆ ಅಳುಕು. ಅದಕ್ಕೆ ಅವನು ಕುದುರೆ ಸವಾರರ ದೊಡ್ಡ ಕತ್ತಿ ಆರಿಸಿದ. ಜೊತೆಗೆ ಷರತ್ತು: ಹತ್ತಡಿ ಉದ್ದದ ಹಲಗೆಯನ್ನು ಅಂಚಿನ ಮೇಲೆ ನೆಲಕ್ಕೆ ನಿಲ್ಲಿಸಬೇಕು. ಒಬ್ಬ ಆಚೆ, ಒಬ್ಬ ಈಚೆ. ಹಲಗೆ ದಾಟಿ ಕಾಲಿಡುವಂತಿಲ್ಲ. ಹಿಂದೆಯೂ ಒಂದು ಗೆರೆ. ಅದನ್ನು ದಾಟಿ ಹಿಂದೆ ಸರಿದರೆ ಸೋತ ಲೆಕ್ಕ.

"ಸಮ ಸಮ ಇದೆಯಲ್ಲ," ಅಂದ ಮಂಜಣ್ಣ.

"ಲಿಂಕನ್ ಆರಡಿ ನಾಲ್ಕಂಗುಲ. ಶೀಲ್ಡ್ಸ್ ಅವನಿಗಿಂತ ಅರ್ಧ ಅಡಿಗೂ ಜಾಸ್ತಿ ಗಿಡ್ಡ."

ಮಂಜಣ್ಣನಿಗೆ ಅರ್ಥವಾಗಲಿಲ್ಲ. ಆಗ ಸೀನಣ್ಣ ಎದ್ದ. ಜಗಲಿಯ ಮೂಲೆಯಲ್ಲಿ ಬಡಗಿ ಬಿಟ್ಟುಹೋಗಿದ್ದ ಹಲಗೆ ಇತ್ತು. ಅದನ್ನು ಅಂಗಳಕ್ಕೆ ಎಳೆದು, ಎರಡು ಇಟ್ಟಿಗೆಯ ನಡುವೆ ಅಂಚಿನ ಮೇಲೆ ನಿಲ್ಲಿಸಿದ. ತನ್ನ ಉದ್ದ ಹಿಡಿಯ ಕೊಡೆ ತಗೊಂಡ. ಮಂಜಣ್ಣ ತನ್ನದನ್ನು ತೆಗೆದ. ಅದು ಮೂರು ಮಡಿಕೆಯ ಕೊಡೆ, ಮಡಚಿದರೆ ಸೌತೆಕಾಯಿಯಷ್ಟು.

"ಇದು ಅನ್ಯಾಯ!" ಅಂತ ಮಂಜಣ್ಣ ಕೂಗಿದ. ಸರೋಜ ನನ್ನ ಉದ್ದ ಕೊಡೆ ತಂದುಕೊಟ್ಟಳು. ಇಬ್ಬರದೂ ಈಗ ಒಂದೇ ಅಳತೆ. ಸೀನಣ್ಣ ನಿಂತಲ್ಲೇ ಕೈ ಚಾಚಿ ಮಂಜಣ್ಣನ ತಲೆ ಮೇಲೆ ಮೆಲ್ಲಗೆ ಕೊಡೆ ಇಟ್ಟ. ಮಂಜಣ್ಣ ತುದಿಗಾಲಲ್ಲಿ ನಿಂತ, ಬಾಗಿದ, ಉಸಿರು ಬಿಗಿಹಿಡಿದು ಕೈ ನೀಡಿದ. ಕೊಡೆಯ ತುದಿ ಸೀನಣ್ಣನ ಎರಡನೇ ಗುಂಡಿಯ ಮುಂದೆ ನಾಲ್ಕು ಬೆರಳು ದೂರದಲ್ಲಿ ಗಾಳಿ ತಿವಿಯಿತು. ಹಲಗೆ ದಾಟುವಂತಿಲ್ಲ. ಒಂದು ಸಲ ಎಗರಿಯೂ ನೋಡಿದ. ಬೆನ್ನು ಹಿಡಿಯಿತು.

"ಈಗ ತಿಳಿಯಿತು," ಅಂದ, ಸೊಂಟದ ಮೇಲೆ ಕೈಯಿಟ್ಟು. "ಇದು ಜಗಳವೇ ಅಲ್ಲ. ಅಡ್ಜರ್ನ್‌ಮೆಂಟ್ ಅರ್ಜಿ."

ಸೀನಣ್ಣನಿಗೆ ತನ್ನ ವೃತ್ತಿಯ ಬಗ್ಗೆ ಇಷ್ಟು ನಿಜವಾದ ಮಾತು ಯಾರೂ ಆಡಿರಲಿಲ್ಲ. ಖುಷಿಯಾಗಿ ತಲೆದೂಗಿದ.

ಶೀಲ್ಡ್ಸ್‌ಗೂ ಹೀಗೇ ತಿಳಿದಿರಬೇಕು. ಒಂದು ಕಥೆ ಇದೆ, ಮೇಷ್ಟ್ರು ಅದನ್ನು ಕಥೆ ಅಂತಲೇ ಹೇಳಿದರು. ನಡುಗಡ್ಡೆಯಲ್ಲಿ ಲಿಂಕನ್ ಕತ್ತಿ ಹಿರಿದು, ಮೇಲೆ ಬಾಗಿದ್ದ ಮರದ ರೆಂಬೆಯೊಂದನ್ನು ನಿಂತಲ್ಲಿಂದಲೇ ಕಚಕ್ ಅಂತ ಕತ್ತರಿಸಿದನಂತೆ. ಅದನ್ನು ಶೀಲ್ಡ್ಸ್ ನೋಡಿದನಂತೆ. ಅಷ್ಟರಲ್ಲಿ ಸ್ನೇಹಿತರು ದೋಣಿಯಲ್ಲಿ ಓಡೋಡಿ ಬಂದು ರಾಜಿ ಮಾಡಿಸಿದರು. ಪತ್ರ ಬರೆದದ್ದು ರಾಜಕೀಯಕ್ಕೆ, ನಿನ್ನ ಮಾನ ಕಳೆಯಲಿಕ್ಕಲ್ಲ ಅಂತ ಲಿಂಕನ್ ಕಡೆಯಿಂದ ಒಂದು ಮಾತು. ಮುಗಿಯಿತು. ಮುಂದೆ ಅಧ್ಯಕ್ಷನಾದ ಮೇಲೆ ಯಾರೋ ಸೇನಾಧಿಕಾರಿ ಆ ಪ್ರಸಂಗ ಎತ್ತಿದಾಗ, "ನನ್ನ ಸ್ನೇಹ ಬೇಕಿದ್ದರೆ ಆ ಮಾತು ಮತ್ತೆ ಆಡಬೇಡ" ಅಂದನಂತೆ ಲಿಂಕನ್. ಮೇರಿಯೇ ಬರೆದಿಟ್ಟಿದ್ದಾಳೆ.

"ರೆಂಬೆ ಕತ್ತರಿಸಿದ್ದು ಹೀಗೆ," ಅಂತ ಸೀನಣ್ಣ ಕೊಡೆ ಮೇಲೆತ್ತಿ ಬೀಸಿದ.

ನಮ್ಮ ಅಂಗಳದಲ್ಲಿರುವುದು ನುಗ್ಗೆ ಮರ. ನುಗ್ಗೆ ಕೊಂಬೆಯ ಗಟ್ಟಿತನ ಎಷ್ಟು ಅಂತ ನಿಮಗೆ ಗೊತ್ತಲ್ಲ. ಗುಬ್ಬಿ ಕೂತರೆ ಯೋಚನೆ ಮಾಡುತ್ತದೆ. ಲಟಕ್ ಅಂತ ಆರಡಿಯ ಕೊಂಬೆ, ಸೊಪ್ಪು, ಹೂವು, ಎಳೇಕಾಯಿ ಸಮೇತ ಮಂಜಣ್ಣನ ಮೇಲೆ ಬಿತ್ತು.

ಐದು ನಿಮಿಷ ಶೀಲ್ಡ್ಸ್ ಪ್ರಸ್ತಾಪ ನಿಂತಿತು. ಸರೋಜ ಏನು ಹೇಳಿದಳು ಅಂತ ಬರೆಯುವುದಿಲ್ಲ. ಹದಿನೈದು ದಿನದಲ್ಲಿ ಸಾಂಬಾರಿಗೆ ಬರುತ್ತಿದ್ದ ಕಾಯಿ ಅವು. ಕೊನೆಗೆ ಅವಳು ಒಂದು ಮೊರ ತಂದು, ಕೊಂಬೆಯನ್ನು ಜಗಲಿಗೆ ಎಳೆಸಿ, ನಾಲ್ವರ ಕೈಗೂ ಸೊಪ್ಪು ಬಿಡಿಸುವ ಕೆಲಸ ಕೊಟ್ಟಳು. ಇನ್ನು ಮುಂದಿನದೆಲ್ಲ ಸೊಪ್ಪು ಬಿಡಿಸುತ್ತಾ ನಡೆದ ಮಾತು.

"ಆಮೇಲೆ?" ಅಂದಳು ಅವಳೇ.

ಆಮೇಲೆ ಶೀಲ್ಡ್ಸ್ ರಾಜ್ಯದ ಸುಪ್ರೀಂ ಕೋರ್ಟಿನ ಜಡ್ಜ್ ಆದ. ವಾಷಿಂಗ್ಟನ್‌ನಲ್ಲಿ ಸರ್ಕಾರಿ ಭೂಮಿ ಇಲಾಖೆಯ ಮುಖ್ಯಸ್ಥನಾದ. ಮೆಕ್ಸಿಕೊ ಯುದ್ಧಕ್ಕೆ ಹೋಗಿ ಜನರಲ್ ಆದ. 1847ರಲ್ಲಿ ಸೆರೊ ಗೋರ್ಡೊ ಎಂಬಲ್ಲಿ ಗುಂಡು ಎದೆಯ ಒಳಗಿಂದ ತೂರಿ ಬೆನ್ನಿನಲ್ಲಿ ಹೊರಬಂತು. ಸತ್ತ ಅಂದುಕೊಂಡರು, ಬದುಕಿದ. ವೀರ ಅಂತ ಹೆಸರಾಯಿತು. ಆ ಹೆಸರಿನ ಮೇಲೆ 1849ರಲ್ಲಿ ಇಲಿನಾಯ್‌ನಿಂದ ಸೆನೆಟ್‌ಗೆ ಆಯ್ಕೆಯಾದ. ಆಗ ಸೆನೆಟರನ್ನು ಆರಿಸುತ್ತಿದ್ದವರು ಜನರಲ್ಲ, ರಾಜ್ಯದ ಶಾಸಕರು.

"ನಮ್ಮ ರಾಜ್ಯಸಭೆ ಇದ್ದ ಹಾಗೆ," ಅಂದ ಸೀನಣ್ಣ.

"ಹೂಂ. ಆದರೆ ಸೆನೆಟರ್ ಆಗಲು ಒಂಬತ್ತು ವರ್ಷದಿಂದ ಪ್ರಜೆಯಾಗಿರಬೇಕು. ಮಾರ್ಚ್‌ನಲ್ಲಿ ಬಂದು ಕೂತ. ಲೆಕ್ಕ ಹಾಕು."

ಮಂಜಣ್ಣ ಬೆರಳು ಮಡಚಿದ. 1840ರ ಅಕ್ಟೋಬರ್. ಏಳು ತಿಂಗಳು ಕಡಿಮೆ! ಗುಂಡಿಗೆ ಸಾಯದವನನ್ನು ಕ್ಯಾಲೆಂಡರು ಹೊಡೆಯಿತು. ಶೀಲ್ಡ್ಸ್ ರಾಜೀನಾಮೆ ಕೊಡಲು ಹೋದ. ಸೆನೆಟ್ ಒಪ್ಪಲಿಲ್ಲ. ಆಯ್ಕೆಯೇ ಊರ್ಜಿತವಲ್ಲ ಅಂತ ತೀರ್ಮಾನಿಸಿತು. ಇಲ್ಲದ ಕೆಲಸಕ್ಕೆ ರಾಜೀನಾಮೆ ಎಲ್ಲಿಂದ ಬರಬೇಕು? ಇದಕ್ಕೆಲ್ಲ ಕಾರಣ ತಾನು ಸೋಲಿಸಿದ ಸಿಡ್ನಿ ಬ್ರೀಸ್ ಅಂತ ಶೀಲ್ಡ್ಸ್‌ಗೆ ಅನುಮಾನ. ಆ ಸಿಟ್ಟಿನಲ್ಲಿ ಅವನಿಗೊಂದು ಬೆದರಿಕೆಯ ಕಾಗದ ಬರೆದ. ಬ್ರೀಸ್ ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನಾ? ಪತ್ರಿಕೆಗೆ ಕೊಟ್ಟ.

"ಅಲ್ಲಾರೀ," ಅಂದಳು ಸರೋಜ, ದಂಟಿನಿಂದ ಎಲೆ ಸರ್ರನೆ ಎಳೆಯುತ್ತಾ, "ಆ ಮನುಷ್ಯನಿಗೆ ಕಾಗದ ಆಗಿಬರುವುದಿಲ್ಲ. ನೋಟಿನ ಕಾಗದ ಬೇಡ ಅಂದ, ರೆಬೆಕ್ಕಾ ಕಾಗದ ಬಂತು. ಪೌರತ್ವದ ಕಾಗದ ತಡವಾಯಿತು, ಕುರ್ಚಿ ಹೋಯಿತು. ತಾನೇ ಬರೆದ ಕಾಗದ ಪೇಪರಿಗೆ ಹೋಯಿತು."

ಮೇಷ್ಟ್ರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. ಮೂವತ್ತು ವರ್ಷ ಪಾಠ ಮಾಡಿದವರಿಗೆ ಇದು ಹೊಳೆದಿರಲಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

ಅಕ್ಟೋಬರ್ ಬಂದು ಒಂಬತ್ತು ವರ್ಷ ತುಂಬಿತು. ಶಾಸಕರು ಮತ್ತೆ ಸೇರಿ ಅವನನ್ನೇ ಮತ್ತೆ ಆರಿಸಿದರು. ಈ ಸಲ ಕುರ್ಚಿ ಗಟ್ಟಿ. 1855ರವರೆಗೆ ಕೂತ. ಆ ನಡುವೆ ಗೆಳೆಯ ಸ್ಟೀಫನ್ ಡಗ್ಲಸ್ 1854ರಲ್ಲಿ ಕಾನ್ಸಾಸ್ ನೆಬ್ರಾಸ್ಕ ಕಾಯ್ದೆ ತಂದ. ಹೊಸ ಪ್ರಾಂತಗಳಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಅಲ್ಲಿನವರೇ ತೀರ್ಮಾನಿಸಲಿ ಎಂಬ ಕಾಯ್ದೆ. ಶೀಲ್ಡ್ಸ್ ಡಗ್ಲಸ್ ಹಿಂದೆಯೇ ಹೋದ. ಅವನ ಇಡೀ ಜೀವನದಲ್ಲಿ ನನಗೆ ನಗು ಬಾರದ ಜಾಗ ಇದೊಂದೇ. ದೇಶ ಬಿಟ್ಟು ಬಂದವನಿಗೆ ಇನ್ನೊಬ್ಬರ ಬೇಡಿ ಕಾಣಬೇಕಿತ್ತು. ಕಾಣಲಿಲ್ಲ. ಇಲಿನಾಯ್‌ನ ಬಹಳ ಜನಕ್ಕೆ ಕಂಡಿತ್ತು, ಅವರು ಕಾದಿದ್ದರು.

1855ರ ಫೆಬ್ರವರಿಯಲ್ಲಿ ಮತ್ತೆ ಆಯ್ಕೆ. ಶೀಲ್ಡ್ಸ್‌ಗೆ ಎದುರಾಗಿ ಯಾರು ನಿಂತಿದ್ದರು ಗೊತ್ತಾ? ಲಿಂಕನ್. ಹನ್ನೆರಡು ವರ್ಷದ ಹಿಂದೆ ನಿಂತ ಹಲಗೆ ಮತ್ತೆ ನಡುವೆ ಬಂತು. ಮೊದಲ ಸುತ್ತಿನಲ್ಲಿ ಲಿಂಕನ್ ಮುಂದಿದ್ದ. ಶೀಲ್ಡ್ಸ್‌ಗೆ 41. ಲೈಮನ್ ಟ್ರಂಬುಲ್ ಎಂಬ ಇನ್ನೊಬ್ಬ ಲಾಯರಿಗೆ ಬರೀ ಐದು ಓಟು. ಸುತ್ತು ಮುಂದುವರಿದ ಹಾಗೆ ಶೀಲ್ಡ್ಸ್‌ನ ಕಡೆಯವರು ಇವನು ಗೆಲ್ಲುವುದಿಲ್ಲ ಅಂತ ಬಿಟ್ಟು, ರಾಜ್ಯಪಾಲ ಮ್ಯಾಟಿಸನ್ ಕಡೆ ಜಿಗಿದರು. ಮ್ಯಾಟಿಸನ್ ಗೆದ್ದುಬಿಡುತ್ತಾನೆ ಅನ್ನುವಾಗ ಲಿಂಕನ್ ತನ್ನ ಓಟುಗಳನ್ನೆಲ್ಲ ಟ್ರಂಬುಲ್‌ಗೆ ದಾಟಿಸಿದ. ಹತ್ತನೇ ಸುತ್ತಿನಲ್ಲಿ ಐದು ಓಟಿನ ಟ್ರಂಬುಲ್ 51 ತಗೊಂಡು ಸೆನೆಟರ್ ಆದ.

"ಈ ಟ್ರಂಬುಲ್ ಯಾರು? ಎಲ್ಲಿಂದ ಬಂದ?" ಅಂದ ಮಂಜಣ್ಣ.

ಮೇಷ್ಟ್ರು ಇದಕ್ಕೇ ಕಾದಿದ್ದರು. "ಜೂಲಿಯಾ ಜೇನ್‌ಳ ಗಂಡ."

ಸರೋಜಳ ಕೈಯಿಂದ ದಂಟು ಬಿತ್ತು. "ಪದ್ಯ ಬರೆದವಳು?"

"ಅವಳೇ. 1843ರಲ್ಲಿ ಟ್ರಂಬುಲ್‌ನನ್ನು ಮದುವೆಯಾದಳು."

ಅವಳು ನಕ್ಕ ರಭಸಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. "ಇಬ್ಬರು ಹುಡುಗಿಯರು ಒಂದು ಕಾಗದ ಬರೆದರು. ಒಬ್ಬಳ ಗಂಡ ಅವನ ಕುರ್ಚಿ ಕಿತ್ತ. ಇನ್ನೊಬ್ಬಳ ಗಂಡ ಕೀಳಲು ಕೈ ಹಾಕಿದ. ಇದಕ್ಕೆ ಕತ್ತಿ ಯಾಕೆ ಬೇಕಿತ್ತು?"

"ಆದರೆ ಮೇರಿ ನಗಲಿಲ್ಲಮ್ಮ. ತನ್ನ ಗಂಡ ಕೈಗೆ ಬಂದದ್ದನ್ನು ಗೆಳತಿಯ ಗಂಡನಿಗೆ ಬಿಟ್ಟುಕೊಟ್ಟ. ಮದುವೆಯಲ್ಲಿ ತನ್ನ ಪಕ್ಕ ನಿಂತಿದ್ದ ಜೂಲಿಯಾ ಜೊತೆ ಅವಳು ಮಾತು ಬಿಟ್ಟಳು."

"ಬಿಡದೆ ಇರುತ್ತಾಳಾ," ಅಂದಳು ಸರೋಜ, ಈಗ ನಗದೆ.

ಶೀಲ್ಡ್ಸ್ ಗಂಟುಮೂಟೆ ಕಟ್ಟಿ ಮಿನೆಸೋಟಕ್ಕೆ ಹೊರಟ. ಐರಿಷ್ ಜನರನ್ನು ಕರೆದುಕೊಂಡು ಬಂದು ಊರು ಕಟ್ಟಿದ. ಶೀಲ್ಡ್ಸ್‌ವಿಲ್ ಅಂತ ಆ ಊರು ಈಗಲೂ ಇದೆ. 1858ರಲ್ಲಿ ಮಿನೆಸೋಟ ರಾಜ್ಯವಾದಾಗ ಅಲ್ಲಿಂದ ಇಬ್ಬರು ಸೆನೆಟರುಗಳು: ಹೆನ್ರಿ ರೈಸ್ ಮತ್ತು ನಮ್ಮ ಶೀಲ್ಡ್ಸ್. ಇಬ್ಬರ ಅವಧಿ ಒಟ್ಟಿಗೇ ಮುಗಿಯಬಾರದಲ್ಲ, ಅದಕ್ಕೆ ಚೀಟಿ ಎತ್ತಿಸಿದರು. ಒಂದು ಚೀಟಿ 1863ರವರೆಗೆ. ಇನ್ನೊಂದು 1859ರ ಮಾರ್ಚ್‌ವರೆಗೆ, ಅಂದರೆ ಹತ್ತು ತಿಂಗಳೂ ಇಲ್ಲ.

"ಸಣ್ಣದು ಇವನಿಗೆ," ಅಂದೆವು ನಾಲ್ವರೂ ಒಟ್ಟಿಗೆ. ಚೀಟಿಯೂ ಕಾಗದ ತಾನೇ.

ನಮ್ಮ ರಾಜ್ಯಸಭೆಯಲ್ಲೂ 1952ರಲ್ಲಿ ಎರಡು, ನಾಲ್ಕು, ಆರು ವರ್ಷ ಅಂತ ಚೀಟಿ ಎತ್ತಿಯೇ ಅವಧಿ ಹಂಚಿದ್ದು ಅಂತ ಸೀನಣ್ಣ ನೆನಪಿಸಿದ. ಸೆನೆಟ್‌ನ ಹಾಗೆ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಖಾಲಿ. ಸದಸ್ಯರ ನಾಮನಿರ್ದೇಶನ ಐರ್ಲೆಂಡಿನಿಂದ ಕಲಿತದ್ದು. ಮಂಗಳೂರಿನ ಬೆನಗಲ್ ನರಸಿಂಗರಾಯರು 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್ ಎಲ್ಲ ಸುತ್ತಿ ಸಂವಿಧಾನದ ವಿಷಯ ವಿಚಾರಿಸಿ ಬಂದಿದ್ದರು. "ಶೀಲ್ಡ್ಸ್‌ಗೆ ಅಮೆರಿಕದ ಚೀಟಿಯ ಬದಲು ಐರ್ಲೆಂಡಿನ ನಾಮನಿರ್ದೇಶನ ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದ," ಅಂದ. ಲಾಯರುಗಳಿಗೆ ಹೀಗೆ ಒಂದು ಅಡ್ಡ ಅರ್ಜಿ ಹಾಕದೆ ಸಮಾಧಾನವಿಲ್ಲ.

ಮುಂದಿನದು ಬೇಗ ಬೇಗ. ಕ್ಯಾಲಿಫೋರ್ನಿಯಾಕ್ಕೆ ಹೋದ, ಮದುವೆಯಾದ. ಅಂತರ್ಯುದ್ಧ ಶುರುವಾಯಿತು. ಅವನನ್ನು ಬ್ರಿಗೇಡಿಯರ್ ಜನರಲ್ ಮಾಡಿದ ಅಧ್ಯಕ್ಷ ಯಾರು ಅಂತ ಹೇಳಬೇಕಾಗಿಲ್ಲ. 1862ರಲ್ಲಿ ಕರ್ನ್ಸ್‌ಟೌನಿನಲ್ಲಿ ದಕ್ಷಿಣದ ಬಂಡಾಯ ರಾಜ್ಯಗಳ ಜನರಲ್ ಸ್ಟೋನ್‌ವಾಲ್ ಜಾಕ್ಸನ್ನನ ಪಡೆ ಸೋತಿತು. ಸೋಲಿಸಿದ್ದು ಶೀಲ್ಡ್ಸ್‌ನ ಪಡೆ. ಆದರೆ ಶೀಲ್ಡ್ಸ್ ಹಿಂದಿನ ದಿನವೇ ತೋಪಿನ ಚೂರು ತಗುಲಿ ಕೈ ಮುರಿದುಕೊಂಡು ಮಲಗಿದ್ದ. ನಿಂತು ಕಾದಿದವನು ಕರ್ನಲ್ ಕಿಂಬಲ್. ಹೆಸರು ಮಾತ್ರ ತನಗೇ ಸಲ್ಲಬೇಕು ಅಂದ ಇವನು. ಆ ಮೇಲೆ ಮಿಜೌರಿಯ ಕ್ಯಾರಲ್ಟನ್‌ನಲ್ಲಿ ಜಮೀನು ಮಾಡಿಕೊಂಡು ಉಳಿದ.

1878ರಲ್ಲಿ ಬೆನ್ ಬಟ್ಲರ್ ಎಂಬ ಎದುರು ಪಕ್ಷದವನು, ಪಾಪ ಈ ಮುದಿ ಜನರಲ್‌ನನ್ನು ಕಾಂಗ್ರೆಸ್‌ನ ಡೋರ್‌ಕೀಪರ್ ಮಾಡೋಣ ಅಂತ ಸೂಚಿಸಿದ. ಹೆಸರು ಹಾಗಿದ್ದರೂ ದೊಡ್ಡ ಹುದ್ದೆಯೇ. ಶೀಲ್ಡ್ಸ್‌ನ ಪಕ್ಷದವರಿಗೆ ಮುಜುಗರ. ಕೊನೆಗೆ ಕೆಲಸ ಕೊಟ್ಟದ್ದು ದಕ್ಷಿಣದ ಪಡೆಯಲ್ಲಿದ್ದ ಜನರಲ್ ಒಬ್ಬನಿಗೆ.

"ಬಾಗಿಲಲ್ಲಿ ನಿಲ್ಲಲೂ ಎಲೆಕ್ಷನ್ನಾ," ಅಂದ ಮಂಜಣ್ಣ. ಅವನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ಶೀಲ್ಡ್ಸ್‌ಗೋ, ಬೆನ್ನುನೋವಿಗೋ ತಿಳಿಯಲಿಲ್ಲ.

ಮಿಜೌರಿಯವರಿಗೆ ಮಾತ್ರ ನಾಚಿಕೆಯಾಯಿತು. ತೀರಿಕೊಂಡಿದ್ದ ಸೆನೆಟರ್ ಒಬ್ಬನ ಉಳಿದ ಅವಧಿಗೆ 1879ರ ಜನವರಿಯಲ್ಲಿ ಇವನನ್ನು ಕಳಿಸಿದರು. ಮೂರನೇ ರಾಜ್ಯ. ಜನವರಿ 27ರಿಂದ ಮಾರ್ಚ್ 3ರವರೆಗೆ.

"ಐದು ವಾರ!" ಮಂಜಣ್ಣ ಎದ್ದು ನಿಂತ. "ನಮ್ಮ ಬ್ಯಾಂಕಿನಲ್ಲಿ ಲೀವ್ ವೇಕೆನ್ಸಿಗೆ ಬಂದವನೂ ಅದಕ್ಕಿಂತ ಜಾಸ್ತಿ ಕೂರುತ್ತಿದ್ದ."

ಅದೇ ಜೂನ್ 1ಕ್ಕೆ ಅಯೋವಾದ ಒಟ್ಟುಮ್ವಾದಲ್ಲಿ ಶೀಲ್ಡ್ಸ್ ತೀರಿಕೊಂಡ. ಮಣ್ಣು ಮಾಡಿದ್ದು ಕ್ಯಾರಲ್ಟನ್‌ನಲ್ಲಿ.

ಕತ್ತಲಾಗಿತ್ತು. ಮೊರ ತುಂಬಿತ್ತು. ಸರೋಜ ಸೊಪ್ಪನ್ನು ನಾಲ್ಕು ಪಾಲು ಮಾಡಿ ಎಲ್ಲರಿಗೂ ಹಳೇ ಪೇಪರಿನಲ್ಲಿ ಕಟ್ಟಿಕೊಟ್ಟಳು. ಉಳಿದದ್ದು ಬೋಳು ಕೊಂಬೆ. ನುಗ್ಗೆ ಕೊಂಬೆ ನೆಟ್ಟರೆ ಚಿಗುರುತ್ತದೆ. ಅದು ಯಾರಿಗೆ ಸೇರಬೇಕು ಅಂತ ಮಾತು ಬಂತು.

"ಕತ್ತರಿಸಿದವನು ನಾನು," ಅಂದ ಸೀನಣ್ಣ.

"ತಲೆ ಮೇಲೆ ಹೊತ್ತವನು ನಾನು," ಅಂದ ಮಂಜಣ್ಣ.

ಸರೋಜ ಮಂಜಣ್ಣನಿಗೆ ಕೊಟ್ಟಳು. ಅವನು ಕೊಂಬೆಯನ್ನು ಸ್ಕೂಟರಿನ ಮುಂದೆ ಕಾಲಿನ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು, ಸೊಪ್ಪಿನ ಪೊಟ್ಟಣ ಕೊಕ್ಕೆಗೆ ಸಿಕ್ಕಿಸಿ ಹೊರಟ. ಬೀದಿ ದೀಪದ ಕೆಳಗೆ ತಿರುಗುವಾಗ ನಮಗೆ ಅವನು ಕಾಣಲಿಲ್ಲ. ಕೊಂಬೆಯೊಂದೇ ಸ್ಕೂಟರ್ ಓಡಿಸಿಕೊಂಡು ಹೋದ ಹಾಗಿತ್ತು.